ಕಂಬದೊಳಗಿನ ಹೊಲಿಗೆ

ಹಾಯಿಕಂಬವನ್ನು ದೋಣಿಯಿಂದ ಇಳಿಸಿ ಷೆಡ್ಡಿನ ಎರಡು ಸ್ಟ್ಯಾಂಡುಗಳ ಮೇಲೆ ಮಲಗಿಸಿದ್ದೆವು. ಒಳಗೆ ಪೊಳ್ಳಾದ ಅಲ್ಯೂಮಿನಿಯಂ ಕಂಬ. ಹಾಯಿ ಎತ್ತುವ ಹಗ್ಗಗಳು ಬುಡದಲ್ಲಿ ಒಳಹೊಕ್ಕು, ಕತ್ತಲಲ್ಲೇ ಸಾಗಿ, ತುದಿಯ ರಾಟೆಗಳ ಮೇಲೆ ಹೊರಬರುತ್ತವೆ. ದೊಡ್ಡ ಹಾಯಿಗೆ ಕೆಂಪು ಹಗ್ಗ, ಮುಂದಿನದಕ್ಕೆ ಬಿಳಿಯದು. ಕೆಂಪನ್ನು ಎಳೆದರೆ ಮೊಳದಷ್ಟು ಬಂದು ಗಕ್ಕನೆ ನಿಲ್ಲುತ್ತಿತ್ತು.

ಮರುದಿನ ಬೆಳಿಗ್ಗೆ ಪಂದ್ಯ. ಇಬ್ಬರೇ ನಡೆಸುವ ದೋಣಿ, ಅಕ್ಕ ಮತ್ತು ನಾನು. ಚಳಿಗಾಲವಿಡೀ ಉಜ್ಜಿ, ಬಣ್ಣ ಬಳಿದು, ಈ ಒಂದು ಬೆಳಿಗ್ಗೆಗಾಗಿಯೇ ಕಾದಿದ್ದೆ.

ಕಂಬಕ್ಕೆ ಕಿವಿಯಿಟ್ಟೆ. ಪೊಳ್ಳು ಮರದೊಳಗೆ ಸಿಕ್ಕಿಬಿದ್ದ ರಾಜಕುಮಾರಿಯೊಬ್ಬಳು ದಾರಿಹೋಕರನ್ನೆಲ್ಲ ಪಿಸುದನಿಯಲ್ಲಿ ಕರೆಯುತ್ತಿದ್ದ ಕಥೆಯನ್ನು ಅಜ್ಜಿ ಹೇಳುತ್ತಿದ್ದಳು. ಇಲ್ಲಿ ಹಗ್ಗ ಲೋಹಕ್ಕೆ ತಾಗುವ ಟಕಟಕ ಮಾತ್ರ.

"ಏನಂತೆ? ಊಟ ಆಯ್ತಾ ಅಂತ ಕೇಳ್ತಿದೆಯಾ?" ಅಕ್ಕ ನಕ್ಕಳು.

"ಹಗ್ಗ ಒಂದಕ್ಕೊಂದು ಸುತ್ತಿಕೊಂಡಿರ್ಬೇಕು ಕಣೇ."

ಬಿಳಿಯನ್ನು ಸಡಿಲ ಬಿಟ್ಟು ಕೆಂಪನ್ನು ಎಳೆದೆವು. ಕಂಬವನ್ನು ಹೊರಳಿಸಿ ರಬ್ಬರ್ ಸುತ್ತಿಗೆಯಿಂದ ತಟ್ಟಿದೆವು. ಬುಡದಿಂದ ಸೈಕಲ್ ಬ್ರೇಕಿನ ತಂತಿ ತೂರಿಸಿ ತಿರುವಿದೆವು. ಪಕ್ಕದಲ್ಲಿ ಹುಟ್ಟು ಕೆತ್ತುತ್ತಿದ್ದ ಬಡಗಿ ತಲೆಯೆತ್ತಿ, "ಏನ್ರಮ್ಮಾ, ಕಂಬಕ್ಕೆ ಎನಿಮಾ ಕೊಡ್ತಿದೀರಾ?" ಎಂದ. ಅಕ್ಕ ಹೊಟ್ಟೆ ಹಿಡಿದುಕೊಂಡು ನಕ್ಕಳು. ನಾನೂ ನಕ್ಕೆ. ಆ ನಗುವನ್ನು ನೆನೆದರೆ ಈಗಲೂ ಮೈ ಉರಿಯುತ್ತದೆ.

"ಕಿಂಡಿ ತೆಗೆಯೋಣ," ಎಂದೆ. ಬುಡದಿಂದ ಎದೆಯೆತ್ತರದಷ್ಟು ಮೇಲೆ, ಕಂಬದ ಮೈಯಲ್ಲಿ ಒಂದು ಸಣ್ಣ ಕಿಂಡಿಯಿದೆ. ಅದಕ್ಕೆ ತಗಡು ಮುಚ್ಚಿ ತಿರುಪು ಬಿಗಿದಿರುತ್ತದೆ.

"ಬೇಡ ಬಿಡೇ. ಆ ಸ್ಕ್ರೂಗಳು ತುಕ್ಕು ಹಿಡಿದು ಕೂತಿವೆ. ತಲೆ ಮುರಿದ್ರೆ ಇನ್ನೊಂದು ತಲೆನೋವು." ಅಕ್ಕ ಕೈ ಒರೆಸಿಕೊಂಡಳು. "ಆಗ್ಲಿಲ್ಲ ಅಂದ್ರೆ ಆಗ್ಲಿಲ್ಲ. ಮುಂದಿನ ಸಲ ನೋಡೋಣ."

ಅವಳು ನೀರು ಕುಡಿಯಲು ನಲ್ಲಿಯತ್ತ ಹೋದಾಗ ನಾನು ಸ್ಕ್ರೂಡ್ರೈವರ್ ಇಟ್ಟು ತಿರುವಿದೆ. ಮೊದಲನೆಯ ತಿರುಪು ಬೆಣ್ಣೆಯಲ್ಲಿದ್ದಂತೆ ತಿರುಗಿತು. ಎರಡನೆಯದೂ ಹಾಗೇ. ಎಲ್ಲದಕ್ಕೂ ಹೊಸ ಗ್ರೀಸು ಹಚ್ಚಿತ್ತು. ಗ್ರೀಸು ಹಚ್ಚದೆ ತಿರುಪು ಬಿಗಿಯುವುದು ಅಕ್ಕನ ಕೈಗೆ ಗೊತ್ತೇ ಇಲ್ಲ.

ಕಿಂಡಿಯಿಂದ ಕೊಕ್ಕೆ ಹಾಕಿ ಹಗ್ಗಗಳನ್ನು ಹೊರಗೆಳೆದೆ. ಒಂದಕ್ಕೊಂದು ಸುತ್ತಿಕೊಂಡಿರಲಿಲ್ಲ. ಕೆಂಪನ್ನೂ ಬಿಳಿಯನ್ನೂ ಜೋಡಿಸಿ ಮೇಣದ ದಾರದಿಂದ ಹೊಲಿದಿತ್ತು. ಕೆಂಪನ್ನು ಎಳೆದಾಗ ಬಿಳಿಯೂ ಜೊತೆಗೆ ಬಂದು, ಅದರ ತುದಿಯ ಗಂಟು ರಾಟೆಗೆ ಬಡಿದು ಎರಡೂ ನಿಲ್ಲುತ್ತಿದ್ದವು. ಹೊಲಿಗೆ ಅಚ್ಚುಕಟ್ಟಾಗಿತ್ತು, ಎಡಕ್ಕೆ ವಾಲಿತ್ತು. ಅಕ್ಕ ಎಡಚಿ. ನನ್ನ ಶಾಲೆಯ ಲಂಗಗಳ ಅಂಚಿನಲ್ಲೆಲ್ಲ ಇದ್ದದ್ದು ಇದೇ ಹೊಲಿಗೆ.

ಅವಳು ಬಂದು ನಿಂತಳು. ನನ್ನ ಕೈಯಲ್ಲಿದ್ದುದನ್ನು ನೋಡಿದಳು.

"ಯಾವಾಗ ಹೊಲಿದೆ?"

"ನಿನ್ನೆ. ನೀನು ಅಂಗಡಿಗೆ ಹೋಗಿದ್ದೆಯಲ್ಲ, ಆಗ." ಸುಳ್ಳು ಹೇಳುವ ಗೋಜಿಗೆ ಅವಳು ಹೋಗಲಿಲ್ಲ. "ತರಬೇತಿ ಶಾಲೆಯವರು ಅವರ ದೊಡ್ಡ ದೋಣಿಗೆ ಕರೆದಿದಾರೆ. ನಾಳೆಯ ಪಂದ್ಯಕ್ಕೇನೇ. ಹೂಂ ಅಂದ್ಬಿಟ್ಟೆ."

"ನಂಗೆ ಹೇಳೋಕೆ ಬಾಯಿ ಇರ್ಲಿಲ್ವಾ?"

"ಅಳ್ತೀಯ ಅಂತ... ದೋಣಿನೇ ಕೈಕೊಟ್ರೆ ಯಾರ ತಪ್ಪೂ ಅಲ್ಲ ಅನ್ನಿಸ್ತು."

"ಅಳ್ತಿದ್ದೆ. ಅತ್ತು, ನಾನೇ ನಿನ್ನ ಬ್ಯಾಗ್ ಹೊತ್ಕೊಂಡು ಬಂದು ಹತ್ತಿಸ್ತಿದ್ದೆ. ಬೆಳಿಗ್ಗೆಯಿಂದ ನನ್ನ ಜೊತೆ ನಿಂತು ಎಳೆದೆಯಲ್ಲೇ! ಬೆವರು ಬೇರೆ ಒರೆಸ್ಕೊಂಡೆ!"

ಬಡಗಿಯ ಉಳಿಯ ಸದ್ದು ನಿಂತಿತ್ತು. ಅವನು ಮೆಲ್ಲಗೆ ಎದ್ದು ಹೊರಗೆ ಹೋದ.

ಹೊಲಿಗೆಯನ್ನು ಚಾಕುವಿನಿಂದ ಬಿಡಿಸಿದೆ. ದಾರ ಸುಲಭಕ್ಕೆ ಬಿಡಲಿಲ್ಲ, ಅಷ್ಟು ಭದ್ರ ಕೆಲಸ. ಆಮೇಲೆ ಕೆಂಪು ಹಗ್ಗವನ್ನು ಎಳೆದರೆ ಸರಸರನೆ ಓಡಿತು.

"ಆಯ್ತಲ್ಲ," ಎಂದಳು ಅಕ್ಕ. "ಅವರಿಗೆ ಬರಲ್ಲ ಅಂತೀನಿ. ನಾಳೆ ನಾವೇ ಹೋಗೋಣ. ನಿನ್ನಾಣೆ."

ನಮ್ಮ ದೋಣಿಯಲ್ಲಿ ನಾನು ಮುಂದೆ ಕೂರುತ್ತೇನೆ, ಅಕ್ಕ ಬೆನ್ನ ಹಿಂದೆ. ದೊಡ್ಡ ಹಾಯಿಯೂ ಚುಕ್ಕಾಣಿಯೂ ಅವಳ ಕೈಯಲ್ಲಿ. ಗಾಳಿ ಎಷ್ಟೇ ಎದ್ದರೂ ಒಂದು ದಿನವೂ ನಾನು ಹಿಂತಿರುಗಿ ನೋಡಿದವಳಲ್ಲ.

"ನಾಳೆ ನಾನು ತಿರುತಿರುಗಿ ನೋಡ್ತಾನೇ ಇರ್ತೀನಿ ಅಕ್ಕ," ಎಂದೆ. "ಹಾಗೆ ದೋಣಿ ಓಡಲ್ಲ. ನೀನು ಅವರ ಜೊತೆ ಹೋಗು."

ಅವಳು ತಗಡನ್ನು ಕಿಂಡಿಗೆ ಮುಚ್ಚಿ ತಿರುಪು ಬಿಗಿದಳು.

ಕಂಬವನ್ನು ಷೆಡ್ಡಿನ ನಡುವೆ ಬಿಟ್ಟು ಹೋಗುವಂತಿರಲಿಲ್ಲ, ಒಬ್ಬಳಿಂದ ಎತ್ತಲೂ ಆಗದು. ಬುಡವನ್ನು ಅವಳು ಹಿಡಿದಳು, ತುದಿಯನ್ನು ನಾನು. "ಮೆಲ್ಲಗೆ," ಎಂದಳು. "ಎಡಕ್ಕೆ," ಎಂದೆ. ದೋಣಿಯನ್ನು ದಾಟಿಕೊಂಡು ಹೋಗಿ, ಗೋಡೆಯ ಮೇಲಿನ ಕೊಕ್ಕೆಗಳಿಗೆ ಅದನ್ನು ಏರಿಸಿಟ್ಟೆವು.