ಎಡಗಡೆಯ ಕಾರ್ಬ್ಯುರೇಟರ್

ಮೂವತ್ತು ವರ್ಷ ಗಾಡಿ ರಿಪೇರಿ ಮಾಡಿದ ಆ ಮನುಷ್ಯನಿಗೆ ಊರು ಇಟ್ಟ ಹೆಸರು ಕಿವಿ ಮೇಸ್ತ್ರಿ. ಸುಮ್ಮನೆ ಇಟ್ಟದ್ದಲ್ಲ. ಜೋಡಿ ಸಿಲಿಂಡರಿನ ಬೈಕಿಗೆ ಗಾಳಿ-ಪೆಟ್ರೋಲು ಬೆರೆಸಿ ಕೊಡುವ ಕಾರ್ಬ್ಯುರೇಟರ್ ಎರಡು. ಎರಡೂ ಒಂದೇ ಸಮ ಗಾಳಿ ಎಳೆದರೆ ಎಂಜಿನ್ನು ಹಾಲು ಕುಡಿದ ಮಗುವಿನ ಹಾಗಿರುತ್ತದೆ, ಇಲ್ಲದಿದ್ದರೆ ಕೂತವರ ಹಲ್ಲೆಲ್ಲ ಅಲ್ಲಾಡಿಸುತ್ತದೆ. ಬೇರೆ ಮೆಕ್ಯಾನಿಕ್ಕುಗಳು ಒಂದು ರಬ್ಬರ್ ನಳಿಕೆ ಹಿಡಿದು ಒಮ್ಮೆ ಇದರ ಬಾಯಿಗೆ, ಒಮ್ಮೆ ಅದರ ಬಾಯಿಗೆ ಇಟ್ಟು ಒಂದೇ ಕಿವಿಯಲ್ಲಿ ಕೇಳುತ್ತಿದ್ದರು. ನಮ್ಮ ಮೇಸ್ತ್ರಿಗೆ ಅಷ್ಟು ತಾಳ್ಮೆ ಎಲ್ಲಿಂದ ಬರಬೇಕು? ಎರಡು ನಳಿಕೆ, ಎರಡು ಕಿವಿ. ಎಡದ್ದು ಎಡಕ್ಕೆ, ಬಲದ್ದು ಬಲಕ್ಕೆ. ಎರಡರ ಸದ್ದನ್ನೂ ಒಟ್ಟಿಗೇ ಕೇಳಿ, ಯಾವುದು ಮೆಲ್ಲಗಿದೆಯೋ ಅದರ ತಿರುಪನ್ನು ಒಂಚೂರು ತಿರುಗಿಸಿ ತೆರೆದರೆ ಕೆಲಸ ಮುಗಿಯಿತು.

ಆ ಭಾನುವಾರ ಬೆಳಿಗ್ಗೆ ಮನೆಯ ಹಿಂದಿನ ಶೆಡ್ಡಿನಲ್ಲಿ ಅವನು ತನ್ನದೇ ಗಾಡಿಯ ಮುಂದೆ ಕುಕ್ಕರಗಾಲಲ್ಲಿ ಕೂತಿದ್ದ. ಒಳಗೆ ಹೆಂಡತಿ ಬಟ್ಟೆ ಜೋಡಿಸುತ್ತಿದ್ದಳು. ಮಧ್ಯಾಹ್ನ ಅಕ್ಕನ ಮನೆಗೆ ಹೊರಡುತ್ತಾಳಂತೆ. ವಾಪಸ್ಸು ಯಾವಾಗ ಎಂದು ಕೇಳಿದ್ದಕ್ಕೆ "ನೋಡೋಣ" ಅಂದಿದ್ದಳು, ಅದೂ ಮಗಳ ಕಡೆ ತಿರುಗಿ. ಒಂದು ವರ್ಷದಿಂದ ಅವಳ ಬಾಯಿಗೆ ಬೀಗ ಬಿದ್ದಿತ್ತು. ತಾನೇನು ತಪ್ಪು ಮಾಡಿದೆ ಎಂದು ಇವನು ತಲೆ ಕೆರೆದುಕೊಂಡದ್ದೇ ಬಂತು. ಬಾಯಿಬಿಟ್ಟು ಕೇಳಬಹುದಿತ್ತಲ್ಲ? ಅದಕ್ಕೆ ಸೊಕ್ಕು ಬಿಡಬೇಕಲ್ಲ!

"ನಾನೇ ಬಿಡ್ತೀನಿ" ಎಂದು ಹಟ ಹಿಡಿದಿದ್ದ. "ಆ ನಡುಗೋ ಗಾಡಿ ಸರಿ ಆದ್ರೆ ಬರ್ತೀನಿ, ಇಲ್ದಿದ್ರೆ ಬಸ್ಸು" ಅಂದಿದ್ದಳು ಅವಳು. ಗಾಡಿಯಲ್ಲಿ ಒಂದೂವರೆ ಗಂಟೆಯ ದಾರಿ. ಅಷ್ಟರಲ್ಲಿ ಹೇಗಾದರೂ ಮಾತಾಡಿಸಬೇಕು, ಇಲ್ಲದಿದ್ದರೆ ಅವಳು ಮರಳಿ ಬರುವುದೇ ಇಲ್ಲ ಎಂಬ ಭಯ ಅವನಿಗೆ.

ಮೂರು ಸಲ ಹೊಂದಿಸಿದ. ಕಿವಿಗೆ ಎರಡೂ ಸಮ. ಆದರೂ ಗಾಡಿ ಗಡಗಡ.

"ಹಾಳಾದ್ದು!" ಎಂದು ಸ್ಪ್ಯಾನರ್ ಎಸೆದ.

ಸದ್ದಿಗೆ ಮಗಳು ಬಂದಳು. ರಕ್ತ ಪರೀಕ್ಷೆಯ ಲ್ಯಾಬಿನಲ್ಲಿ ಕೆಲಸ ಮಾಡುವವಳು. ಅವಳ ಕೈಯಲ್ಲೊಂದು ಹಲಗೆ, ಅದರ ಮೇಲೆ ಬಗ್ಗಿಸಿ ಕಟ್ಟಿದ ತೆಳು ಪೈಪು, ಒಳಗೆ ಅರ್ಧ ಎಣ್ಣೆ.

"ಅಪ್ಪ, ಒಂದೊಂದು ತುದೀನ ಒಂದೊಂದು ಕಡೆ ಸಿಗಿಸು. ಎರಡೂ ಸಮ ಎಳೆದ್ರೆ ಎಣ್ಣೆ ಸಮ ನಿಲ್ಲುತ್ತೆ."

"ನನ್ನ ಕಿವಿಗಿಂತ ನಿನ್ನ ಎಣ್ಣೆ ದೊಡ್ಡದಾ?"

"ದೊಡ್ಡದೋ ಚಿಕ್ಕದೋ, ಅಮ್ಮ ಬಸ್ ಹತ್ತೋದ್ರೊಳಗೆ ನೋಡ್ಬಿಡು."

ಗಾಡಿ ಶುರು ಮಾಡಿದ್ದೇ ತಡ, ಎಣ್ಣೆ ಸರ್ರನೆ ಬಲಗಡೆಗೆ ಏರಿತು. ಎಡಗಡೆಯದು ಅತಿಯಾಗಿ ತೆರೆದಿದೆ, ಬಾಯಿ ಅಗಲವಾದಷ್ಟೂ ಎಣ್ಣೆಯನ್ನು ಎಳೆಯುವ ಬಲ ಕಮ್ಮಿ ಎಂದಳು ಮಗಳು.

"ನಿನ್ನ ಪೈಪೇ ಸೊಟ್ಟ."

ಮಗಳು ತುದಿಗಳನ್ನು ಅದಲುಬದಲು ಮಾಡಿದಳು. ಈಗಲೂ ಎಣ್ಣೆ ಏರಿದ್ದು ಬಲಗಡೆಯ ಕಾರ್ಬ್ಯುರೇಟರಿನ ಕಡೆಗೇ. ಪೈಪಿನದೇನೂ ತಪ್ಪಿರಲಿಲ್ಲ.

ಮೇಸ್ತ್ರಿ ಒಂದೇ ನಳಿಕೆ ಎತ್ತಿಕೊಂಡ. ಬಲಗಡೆಯದರ ಬಾಯಿಗೆ ಹಿಡಿದು ಬಲಗಿವಿಗೆ ಇಟ್ಟ. ಜೋರಾಗಿ ಸುಯ್ಯೆಂದಿತು. ಅದೇ ನಳಿಕೆಯನ್ನು ಎಡಗಿವಿಗೆ ಇಟ್ಟ. ಕಂಬಳಿ ಹೊದ್ದು ಮಲಗಿದವನ ಉಸಿರಿನಷ್ಟು ಸದ್ದು. ಬಲಕ್ಕೆ. ಎಡಕ್ಕೆ. ಮತ್ತೆ ಬಲಕ್ಕೆ. ಮೆಲ್ಲಗೆ ಕೇಳುತ್ತದೆಂದು ಎಡಗಡೆಯದನ್ನು ಇಷ್ಟಿಷ್ಟೇ ತೆರೆಯುತ್ತ ಬಂದವನು ತಾನೇ. ಕಿವಿ ಮೇಸ್ತ್ರಿಗೆ ಕಿವಿ ಕೆಟ್ಟಿದೆ ಅಂದರೆ ಯಾರು ನಂಬುತ್ತಾರೆ? ಅವನೇ ನಂಬಿರಲಿಲ್ಲ.

"ಎಷ್ಟು ದಿನದಿಂದ ಹೀಗೆ?" ಎಂದಳು ಮಗಳು.

"ಗೊತ್ತಿಲ್ಲ ಕಣೇ."

ಹೇಳುತ್ತಿದ್ದಂತೆಯೇ ಹೊಳೆಯಿತು. ಊಟದ ಮೇಜಿನಲ್ಲಿ ಹೆಂಡತಿ ಕೂರುವುದು ಎಡಕ್ಕೆ. ಮಲಗುವುದು ಎಡಕ್ಕೆ. ಗಾಡಿಯಲ್ಲಿ ಬಾಗಿ ಮಾತಾಡುವುದೂ ಎಡ ಭುಜದ ಮೇಲಿಂದಲೇ. ಅಯ್ಯೋ, ಅವಳು ಮಾತು ಬಿಟ್ಟಿದ್ದಲ್ಲ, ಆಡಿ ಆಡಿ ಸೋತದ್ದು! ಅವನಿಗೆ ನಾಚಿಕೆಯಾಯಿತು, ಅದಕ್ಕಿಂತ ಹೆಚ್ಚು ಹೆದರಿಕೆಯಾಯಿತು.

ಎಣ್ಣೆ ನೋಡಿಕೊಂಡೇ ತಿರುಪು ತಿರುಗಿಸಿದ. ಎರಡೂ ಕಡೆ ಸಮ ನಿಂತಿತು, ನಡುಕವೂ ನಿಂತಿತು. ಕೈ ಕೂಡ ತೊಳೆಯದೆ ಒಳಗೆ ಹೋದ.

"ನಂಗೆ ಎಡಗಿವಿ ಕೇಳಿಸ್ತಿಲ್ಲ" ಅಂದ. "ಈ ಒಂದು ವರ್ಷ ನೀನು ಏನೇನು ಹೇಳ್ದೆ? ಮೊದಲಿಂದ ಹೇಳು."

"ನಾಟಕ ಬೇಡ" ಎಂದು ತಲೆಯೆತ್ತಿದಳು ಅವಳು. ಆಮೇಲೆ ಅವನ ಮುಖ ನೋಡಿದಳು. ಮಡಚುತ್ತಿದ್ದ ಟವೆಲ್ ಕೈಯಲ್ಲೇ ಉಳಿಯಿತು.

"ನಮ್ಮಮ್ಮ ಹೋದ ದಿನ" ಅಂದಳು, "ಆಸ್ಪತ್ರೆಯಿಂದ ಬರುವಾಗ ಸೇತುವೆ ಮೇಲೆ ಗಾಡಿ ನಿಲ್ಸಿ ಅಂದೆ. ಅಳ್ಬೇಕಿತ್ತು ನಂಗೆ. ಮೂರು ಸಲ ಅಂದೆ. ನೀವು ತಿರುಗಿ ಕೂಡ ನೋಡ್ಲಿಲ್ಲ."

ಅವಳನ್ನು ಬೇಗ ಮನೆ ಮುಟ್ಟಿಸಬೇಕೆಂದು ಗಾಡಿ ಓಡಿಸಿದ್ದು ಅವನಿಗೆ ನೆನಪಿತ್ತು. ಮಾತು ಕೇಳಿದ ನೆನಪಿರಲಿಲ್ಲ.

"ಕೇಳ್ಸಿದ್ರೆ ನಿಲ್ಲಿಸ್ತಿದ್ದೆ" ಅಂದ. ಅವಳು ಬ್ಯಾಗಿನ ಜಿಪ್ಪು ಎಳೆದಳು.

ಮಧ್ಯಾಹ್ನ ಹೊರಟರು. ಗಾಡಿ ನಡುಗಲಿಲ್ಲ. ಅವಳೂ ಮಾತಾಡಲಿಲ್ಲ. ಊರು ದಾಟಿ ಅದೇ ಸೇತುವೆ ಬಂತು. ಬಲ ಭುಜದ ಮೇಲೆ ಕೈ ಬಿತ್ತು.

"ನಿಲ್ಸಿ."

ಒಂದೇ ಸಲ, ಅದೂ ಮೆಲ್ಲಗೆ. ಬ್ರೇಕು ಹಿಡಿದ ರಭಸಕ್ಕೆ ಅವಳ ಹಣೆ ಅವನ ಬೆನ್ನಿಗೆ ಬಡಿಯಿತು. ಹಿಂದೆ ಬರುತ್ತಿದ್ದ ಲಾರಿಯವನು ಬೈದುಕೊಂಡು ಪಕ್ಕದಲ್ಲಿ ಹೋದ. ಮೇಸ್ತ್ರಿ ಕೂತಲ್ಲಿಂದಲೇ ಗಾಡಿಯನ್ನು ಬದಿಗೆ ತಂದು ನಿಲ್ಲಿಸಿದ.

"ಏನಾಯ್ತು?"

ಹಣೆಯನ್ನು ಅವಳು ಬೆನ್ನಿನಿಂದ ತೆಗೆಯಲಿಲ್ಲ. ಅಳುತ್ತಿದ್ದಾಳೆಂದು ಅಂಗಿ ಒದ್ದೆಯಾದಾಗ ತಿಳಿಯಿತು. ಅವನು ಎಂಜಿನ್ ಆರಿಸಿ, ಎರಡೂ ಕಾಲು ನೆಲಕ್ಕೆ ಊರಿ ಅಲ್ಲಾಡದೆ ಕೂತ.

ಬಹಳ ಹೊತ್ತಾದ ಮೇಲೆ ಅವಳು ಮೂಗೊರೆಸಿಕೊಂಡು ಬಲಗಿವಿಯ ಹತ್ತಿರ ಬಾಗಿದಳು.

"ಬುಧವಾರ ಕರ್ಕೊಂಡು ಹೋಗೋಕೆ ಬನ್ನಿ. ಕೇಳಿಸ್ತಾ?"

"ಕೇಳಿಸ್ತು" ಅಂದ.