ಕೌದಿಯ ಹಿಂದಿನ ಗೋಡೆ

ಕೊಣ್ಣೂರಿನ ಸೇತುವೆ ಮುಳುಗಿದ ವರ್ಷದ ಮಾತು. ಹೊಳೆದಂಡೆಯ ನಮ್ಮೂರಿನಲ್ಲೂ ಮನೆ ಮನೆಗೆ ನೀರು ಹೊಕ್ಕಿತ್ತು. ಹೊಳೆ ಇಳಿದ ವಾರಕ್ಕೆ, ಪರಿಹಾರ ಕೊಡಲು ಹಾಳಾದ ಮನೆಗಳನ್ನು ನೋಡಿ ಬರೆಯುವ ಸಾಹೇಬರು ಬರುತ್ತಾರೆ ಎಂದು ಡಂಗುರ ಸಾರಿದರು.

ಸಾಹೇಬರು ಬರುತ್ತಾರೆಂದರೆ ನಮ್ಮ ಮಂದಿ ಏನು ಮಾಡುತ್ತಾರೆ? ಮನೆ ಸಾರಿಸುತ್ತಾರೆ. ನಮ್ಮ ಓಣಿಯ ನೀಲವ್ವನೂ ಸಾರಿಸಿದಳು, ಅಂಗಳಕ್ಕೆ ರಂಗೋಲಿ ಹಾಕಿದಳು. ಒಳಕೋಣೆಯ ಮಣ್ಣಿನ ಗೋಡೆ ಬುಡ ನೆನೆದು, ಕೈ ಹೋಗುವಷ್ಟು ಬಿರುಕು ಬಿಟ್ಟು, ಒಳಕ್ಕೆ ವಾಲಿತ್ತು. ಅದು ಬಂದವರ ಕಣ್ಣಿಗೆ ಬೀಳಬಾರದೆಂದು ಗಂಡ ಗುರುಸಂಗಪ್ಪ ಹೊದೆಯುವ ಹೊಸ ಕೌದಿಯನ್ನು ತೊಲೆಯಿಂದ ಇಳಿಬಿಟ್ಟು ಕಟ್ಟಿದ. ಸಾಹೇಬರು ಬಂದರು, ಕುರ್ಚಿಯ ಮೇಲೆ ಕುಳಿತು ಚಹಾ ಕುಡಿದರು, ಏನೋ ಬರೆದರು. ಗುರುಸಂಗಪ್ಪ ಓದದೆ ಸಹಿ ಹಾಕಿದ. ಅವರು ಬರೆದದ್ದು, ‘ಹಾನಿ ಇಲ್ಲ.’

ನನಗೆ ಸಿಟ್ಟು ಬಂದದ್ದು ಅಲ್ಲಿ. ಕೌದಿ ಸರಿಸಿ ನೋಡಲು ಸಾಹೇಬರಿಗೆ ಕೈ ಇರಲಿಲ್ಲವೇ? ಗೋಡೆ ನೋಡಲು ಬಂದವರು ರಂಗೋಲಿ ನೋಡಿ ಹೋದರೆ ಅದಕ್ಕೆ ಸಮೀಕ್ಷೆ ಎನ್ನಬೇಕೇ? ಸಂಬಳ ಮಾತ್ರ ಗೋಡೆ ನೋಡಿದ್ದಕ್ಕೇ ತೆಗೆದುಕೊಂಡಿರುತ್ತಾರೆ.

ಪಂಚಾಯಿತಿಯಲ್ಲಿ ಪರಿಹಾರದ ಪಟ್ಟಿ ಹಚ್ಚಿದ ದಿನ, ನಮ್ಮ ಮಹಿಳಾ ಸಂಘದ ಪುಸ್ತಕ ಬರೆಯುವ ಆಸಿಫಾ ನನ್ನನ್ನೂ ಕರೆದುಕೊಂಡು ನೀಲವ್ವನ ಮನೆಗೆ ಹೋದಳು.

“ಕಾಕಾ, ನಿಮ್ಮ ಮನಿಗೆ ಏನೂ ಆಗಿಲ್ಲಂತ ಬರದಾರ. ತಕರಾರು ಅರ್ಜಿ ಕೊಡ್ರಿ.”

“ಬರದ್ರ ಬರಕೊಳ್ಳಲಿ ಬಿಡು,” ಎಂದ ಗುರುಸಂಗಪ್ಪ. “ನಮ್ಮದು ನಾಕು ಮಂದಿಗೆ ಕೊಟ್ಟ ಮನಿತನ. ಸರಕಾರದ ಮುಂದ ಕೈ ಒಡ್ಡಂಗಿಲ್ಲ.”

“ಕೈ ಒಡ್ಡೂದು ಎಲ್ಲಿ ಬಂತ್ರಿ? ನೀವು ಮೈ ತೊಳ್ಯಾಕ ಒಂದು ಸಬಕಾರ ತಂದ್ರೂ ಅದರಾಗ ತೆರಿಗಿ ಕೊಟ್ಟಿರ್ತೀರಿ. ಆ ರೊಕ್ಕದಾಗ ನಿಮ್ಮ ಪಾಲೂ ಐತಿ. ಹೊಳಿ ಬಂದು ಮನಿ ಹೋದಾಗ ನಿಮ್ಮ ಹಿಂದ ನಿಲ್ಲೂದು ಸರಕಾರದ ಕೆಲಸ. ಉಪಕಾರ ಅಲ್ಲ.”

“ಗುರುಸಂಗಪ್ಪನ ಮನಿ ಬಿತ್ತು ಅಂತ ಊರ ಮಂದಿ ಆಡ್ಕೊಂಡಾರು.”

ಆಗ ನೀಲವ್ವ ಬಾಯಿ ತೆರೆದಳು. ಆಕೆಯ ದನಿ ಏರಿದ್ದನ್ನು ನಾನು ಕೇಳಿದ್ದು ಅದೇ ಮೊದಲು.

“ಮಂದಿ ಸುದ್ದಿ ನನಗ ಬ್ಯಾಡ. ಬರೂ ತಿಂಗಳ ಮಗಳು ಶೈಲಶ್ರೀ ಹಡ್ಯಾಕ ಬರ್ತಾಳ. ಬಾಣಂತಿ ಮಲಗೂದು ಅದ ಕ್ವಾಣಿಯೊಳಗ. ತೊಟ್ಟಲಾ ಕಟ್ಟೂದು ಅದ ತೊಲಿಗೆ. ಆ ಕೌದಿ ಗ್ವಾಡಿ ಹಿಡದ ನಿಲ್ಲತೈತೇನು, ಹೇಳ್ರಿ.”

ಗುರುಸಂಗಪ್ಪ ಎದ್ದು ಒಳಗೆ ಹೋಗಿ ಕೌದಿಯ ಹಿಂದೆ ಕೈ ಹಾಕಿದ. ಮಣ್ಣು ಉದುರಿತು. ಹೊರಗೆ ಬಂದವನು, “ಅರ್ಜಿ ಹ್ಯಾಂಗ ಬರೀಬೇಕು?” ಎಂದಷ್ಟೇ ಕೇಳಿದ.

ಆಸಿಫಾ ಕೌದಿ ಎತ್ತಿ ಹಿಡಿಸಿ ಬಿರುಕಿನ ಫೋಟೊ ತೆಗೆದಳು, ಅರ್ಜಿ ಬರೆದಳು. ಮರುದಿನ ತಾಲ್ಲೂಕು ಕಚೇರಿಯಲ್ಲಿ ಅದನ್ನು ಕೊಟ್ಟಾಗ ಗುಮಾಸ್ತ, “ಇಟ್ಟು ಹೋಗ್ರಿ,” ಎಂದ.

“ಅರ್ಜಿ ಮುಟ್ಟಿದ್ದಕ್ಕ ಸಹಿ ಮಾಡಿ ಶಿಕ್ಕಾ ಹೊಡದ ಕೊಡ್ರಿ, ಹೋಗ್ತೀವಿ,” ಎಂದು ಆಸಿಫಾ ಅಲ್ಲೇ ನಿಂತಳು. ಅರ್ಧ ತಾಸು ನಿಂತ ಮೇಲೆ ಅರ್ಜಿಯ ನಕಲಿಗೆ ಕಚೇರಿಯ ಮೊಹರಿನ ಶಿಕ್ಕಾ ಬಿತ್ತು.

ಹನ್ನೆರಡನೇ ದಿನ ಅದೇ ಸಾಹೇಬರು ಎಂಜಿನಿಯರನ್ನು ಕರೆದುಕೊಂಡು ಬಂದರು. ಈ ಸಲ ನೀಲವ್ವ ಕುರ್ಚಿ ಹಾಕಲಿಲ್ಲ. ಗುರುಸಂಗಪ್ಪ ಅವರನ್ನು ನೇರವಾಗಿ ಒಳಕೋಣೆಗೆ ಕರೆದೊಯ್ದು, ತಾನೇ ಕಟ್ಟಿದ ಕೌದಿಯನ್ನು ಎಲ್ಲರೆದುರು ಕಿತ್ತೆಳೆದ.

“ಈಗ ಬರೀರಿ. ಬರದದ್ದು ಓದಿ ಹೇಳ್ರಿ. ಆಮ್ಯಾಲ ಸಹಿ.”

ಪಟ್ಟಿ ತಿದ್ದಿದರು. ಆ ಗೋಡೆ ಕೆಡವಿಸಿ ಎಂದು ಎಂಜಿನಿಯರ್ ಹೇಳಿದರು. ಕೆಡವಲು ಹಾರೆ ತಂದಿದ್ದರು, ಬೇಕಾಗಲಿಲ್ಲ. ಗುರುಸಂಗಪ್ಪ ಹೊರಗೆ ನಿಂತು ಎರಡು ಕೈಯಿಂದ ದೂಡಿದ್ದಕ್ಕೇ ಒಳಕ್ಕೆ ಬಿತ್ತು. ತೊಟ್ಟಿಲು ಕಟ್ಟಬೇಕಿದ್ದ ಜಾಗದಲ್ಲಿ ಮೊಣಕಾಲುದ್ದ ಮಣ್ಣು ನಿಂತಿತ್ತು.

ಅಕ್ಕಂದಿರೇ, ಅಣ್ಣಂದಿರೇ, ಸಾಹೇಬರು ಬರುವ ದಿನ ಮನೆ ಸಾರಿಸಬೇಡಿ. ಮುರಿದದ್ದನ್ನು ಮುರಿದ ಹಾಗೇ ತೋರಿಸಿ, ಫೋಟೊ ತೆಗೆದಿಡಿ. ಬರೆದದ್ದನ್ನು ಓದಿಸಿ ಕೇಳಿ, ಆಮೇಲೆ ಸಹಿ ಹಾಕಿ. ತಪ್ಪಿದ್ದರೆ ತಕರಾರು ಕೊಡಿ, ಶಿಕ್ಕಾ ಬೀಳುವ ತನಕ ಕದಲಬೇಡಿ. ನಾಚಿಕೆ ಪಡುವುದನ್ನು, ಗೋಡೆ ನೋಡದೆ ಹೋದವರಿಗೇ ಬಿಡಿ. ನಿಮ್ಮ ಮನೆಯಲ್ಲೂ ಕೌದಿ ಕಟ್ಟಿದ್ದರೆ, ಇದನ್ನು ಓದಿ ಮುಗಿಸಿದ ಕೂಡಲೇ ಎದ್ದು ಬಿಚ್ಚಿ.