ಬಲಗೆನ್ನೆಯ ಗೆರೆಗಳು

ನನ್ನ ತಂಗಿ ಲಿಂಗ್ ಕೀಯ ಎಡಗೆನ್ನೆಯಲ್ಲಿ ನಮ್ಮೂರಿನ ಹಚ್ಚೆಯಿತ್ತು; ಬಲಗೆನ್ನೆ ಬರಿದು. ನಲವತ್ತು ವರ್ಷ ಹಾಗೆಯೇ ಇತ್ತು. ಕಾರಣ ನಾನು.

ಆಗ ನಾನು ಬೆಟ್ಟದ ಕೆಳಗಿನ ಬಯಲುನಾಡಿನ ಪಾದ್ರಿಗಳ ಶಾಲೆಯಲ್ಲಿ ಗಣಿತ ಕಲಿತು ಮನೆಗೆ ಬಂದಿದ್ದೆ. ಹಚ್ಚೆಗಾತಿ ಪೈ ನಾಂಗ್ ಬೆತ್ತದ ಮುಳ್ಳನ್ನು ಮಸಿಯಲ್ಲದ್ದಿ ತಂಗಿಯ ಕೆನ್ನೆಗೆ ಚುಚ್ಚುತ್ತಿದ್ದಳು. ತಲೆ ಅಲುಗದಂತೆ ಹಿಡಿಯುವುದು ಅಣ್ಣನ ಕೆಲಸ. ಎಡಭಾಗ ಮುಗಿಯುವಷ್ಟರಲ್ಲಿ ತಂಗಿಯ ಕಣ್ಣುಗಳು ಊದಿ ಮುಚ್ಚಿದವು.

"ಉಳಿದದ್ದು ನಾಳೆ" ಎಂದು ಪೈ ನಾಂಗ್ ಎದ್ದಳು. ನಾನು ಹಿಂದೆಯೇ ಹೋದೆ.

"ಅತ್ತೆ, ಹಚ್ಚೆ ಹಾಕೋರನ್ನ ಬಿಳೀ ಸಾಹೇಬ ಹಿಡ್ಕೊಂಡು ಹೋಗ್ತಾನಂತೆ."

ಅಂಥ ಆಜ್ಞೆ ಇರಲಿಲ್ಲ. ಅವಳು ಅಂದೇ ಬೆಟ್ಟ ದಾಟಿದಳು, ಮತ್ತೆ ಸಿಗಲಿಲ್ಲ. ನಮ್ಮ ಕಟ್ಟಳೆಯಂತೆ ಒಬ್ಬಳು ಆರಂಭಿಸಿದ ಮುಖಕ್ಕೆ, ಅವಳು ಬದುಕಿರುವ ತನಕ, ಇನ್ನೊಬ್ಬರು ಮುಳ್ಳು ತಾಗಿಸುವಂತಿಲ್ಲ.

ನವಣೆ ಮದ್ಯದ ಗಡಿಗೆಯ ಸುತ್ತ ಕುಳಿತವರು ನನ್ನನ್ನು ಕೆಣಕುತ್ತಿದ್ದರು: "ಏನ್ ಮೇಷ್ಟ್ರೇ, ಅರ್ಧ ಮುಖದ ಹುಡುಗೀನ ಮದುವೆ ಆಗೋಕೆ ಅರ್ಧ ಹೋರಿ ತೆರ ಕೊಟ್ರೆ ಸಾಕಲ್ಲ? ಯಾವ ಅರ್ಧ ಬೇಕು, ತಲೇದೋ ಬಾಲದ್ದೋ?"

ಪೂರ್ತಿ ಹೋರಿಯನ್ನು ಯಾರೂ ತರಲಿಲ್ಲ. ತಂಗಿಗೆ ಅದಕ್ಕಿಂತ ದೊಡ್ಡ ಭಯವೊಂದಿತ್ತು; ಸತ್ತವರ ಊರಿನಲ್ಲಿ, ಮೊದಲೇ ತೀರಿಹೋದ ಅವ್ವ ಮಗಳನ್ನು ಗುರುತಿಸುವುದು ಮುಖದ ಹಚ್ಚೆಯಿಂದಲೇ: "ಸತ್ತಮೇಲೆ ಅವ್ವ ಬಲಗಡೆಯಿಂದ ನೋಡಿದ್ರೆ, ಯಾರೋ ಪರವೂರೋಳು ಅಂತ ಬಾಗಿಲು ಹಾಕ್ಕೊಂಡ್ರೆ?"

ಈ ಸುಗ್ಗಿಯಲ್ಲಿ ಉಪ್ಪು ಮಾರುವವನು ಪೈ ನಾಂಗ್ ಸತ್ತ ಸುದ್ದಿ ತಂದ. ನಮ್ಮೂರಿನ ಗೆರೆ ಬಲ್ಲ ಹಚ್ಚೆಗಾತಿಯರು ಅಷ್ಟರಲ್ಲಿ ಯಾರೂ ಉಳಿದಿರಲಿಲ್ಲ. ತಂಗಿ ಮುಳ್ಳನ್ನೂ ಮಸಿಬಟ್ಟಲನ್ನೂ ನನ್ನ ಮುಂದಿಟ್ಟು ಚಾಪೆಯ ಮೇಲೆ ಮಲಗಿದಳು.

"ನಿಂಗೆ ಅಳತೆ ಗೊತ್ತಲ್ಲಣ್ಣ. ಮುಗಿಸಿಬಿಡು."

ದಾರ ಹಿಡಿದು ಎಡಗೆನ್ನೆಯ ಗೆರೆಗಳನ್ನು ಅಳೆದು ಎಣಿಸಿದೆ, ಹದಿನೇಳು. ಮುಳ್ಳೆತ್ತಿದೆ. ಕೈ ಮುಂದೆ ಹೋಗಲಿಲ್ಲ.

"ಪೈ ನಾಂಗ್‌ನ ಓಡಿಸಿದ್ದು ನಾನು. ಸುಳ್ಳು ಹೇಳಿದ್ದೆ."

ಅವಳು ಎದ್ದು ಕುಳಿತಳು. ನನ್ನ ಕೈಯನ್ನು ನೋಡಿದಳು.

"ಯಾಕೆ?"

"ಶಾಲೇಲಿ ನಗ್ತಿದ್ರು. ನಮ್ಮ ಹೆಂಗಸರ ಮುಖಗಳನ್ನ ನೋಡಿ."

"ನನ್ನ ಮುಖಾನ ನೋಡಿ ನಗೋದು ಇಲ್ಲೂ ನಿಲ್ಲಲಿಲ್ಲ, ನೋಡು" ಎಂದು ಮುಳ್ಳನ್ನು ಕಿತ್ತುಕೊಂಡಳು. "ನಿನ್ನ ಕೈ ಬೇಡ. ಬಟ್ಟಲು ಹಿಡ್ಕೋ."

ಎಡಗೈ ಬೆರಳಿನಿಂದ ಹಳೆಯ ಗೆರೆ ತಡವುತ್ತ, ಬಲಗೈಯಿಂದ ತಾನೇ ಚುಚ್ಚಿಕೊಂಡಳು. ರಕ್ತ ಗದ್ದಕ್ಕಿಳಿಯಿತು. ಈ ಸಲ ಯಾರೂ ಅವಳ ತಲೆ ಹಿಡಿದಿರಲಿಲ್ಲ.

ಮೊದಲ ಗೆರೆ ಮುಗಿದಾಗ ಕೇಳಿದಳು: "ನೆಟ್ಟಗಿದೆಯಾ?"

"ಇಲ್ಲ. ಕಿವಿಯ ಕಡೆಗೆ ವಾಲಿದೆ."

"ಅವ್ವಂಗೆ ಗುರುತು ಸಿಗುತ್ತಾ?"

"ಸಿಗುತ್ತೆ."

ಅವಳು ನನ್ನ ಮುಖವನ್ನು ಪರೀಕ್ಷಿಸಿದಳು. ಬಳಿಕ ಮುಳ್ಳನ್ನು ಮಸಿಯಲ್ಲದ್ದಿದಳು.

"ಬಟ್ಟಲು ಅಲ್ಲಾಡಿಸಬೇಡ" ಎಂದಳು. "ಇನ್ನೂ ಹದಿನಾರಿವೆ."